ಮಧ್ಯಾಹ್ನ ಮೂರಕ್ಕೆ ಮುಚ್ಚದ ಕಿಟಕಿಗಳು

ಫೆಬ್ರುವರಿ ಎರಡನೇ ವಾರ ಕೂಡಿಸಿದ ಒಂಬತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಗಳು ನೆಟ್ಟಗೆ ಮುಚ್ಚತೊಡಗಿದ್ದು ಏಪ್ರಿಲ್ ಮೂರನೇ ವಾರಕ್ಕೆ. ನಡುವಿನ ಒಂಬತ್ತು ವಾರಗಳಲ್ಲಿ ನಿಜವಾದ ಕೆಲಸ ನಡೆದದ್ದು ನಾಲ್ಕೇ ದಿನ. ಉಳಿದದ್ದೆಲ್ಲ ಕಾಯುವುದಕ್ಕೆ ಮತ್ತು ತಪ್ಪು ಜಾಗದಲ್ಲಿ ತಿರುಗಿಸಿದ ತಿರುಪನ್ನು ಮತ್ತೆ ಸರಿ ಮಾಡುವುದಕ್ಕೆ ಹೋಯಿತು. ಇದೇ ಸಂಕಟದಲ್ಲಿ ಇರುವವರಿಗೆ ಆ ದಿನಗಳಾದರೂ ಉಳಿಯಲಿ ಎಂದು ಅಳತೆ, ಕ್ರಮ, ಖರ್ಚು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮನೆ ವಿಜಯಪುರದ್ದು, ಸೋಲಾಪುರ ರಸ್ತೆಯ ಕಡೆ. ಐದು ಕಿಟಕಿ ಸರಿಯುವ ಬಗೆಯವು, 6 ಅಡಿ ಅಗಲ, 4 ಅಡಿ ಎತ್ತರ. ನಾಲ್ಕು ಬಾಗಿಲಿನಂತೆ ಹೊರಗೆ ತೆರೆಯುವವು, 2 ಅಡಿ ಅಗಲ, 4 ಅಡಿ ಎತ್ತರ. ಎಲ್ಲಕ್ಕೂ 5 ಮಿ.ಮೀ. ಟಫನ್ಡ್, ಅಂದರೆ ಕಾಸಿ ಗಟ್ಟಿ ಮಾಡಿದ, ಗಾಜು. ಪಡಸಾಲೆಯ ಎರಡು ಕಿಟಕಿ ಪಶ್ಚಿಮಕ್ಕಿದ್ದು, ಅವಕ್ಕೆ ಕಂದು ಮರದ ಬಣ್ಣದ ಹಾಳೆ ಅಂಟಿಸಿದ ಪ್ರೊಫೈಲ್ (ಚೌಕಟ್ಟು ಮಾಡುವ ಪ್ಲಾಸ್ಟಿಕ್ ಪಟ್ಟಿ), ಮಿಕ್ಕವು ಬಿಳಿ. ಈ ಬಣ್ಣದ ಮಾತು ಮುಂದೆ ಬರುತ್ತದೆ, ನೆನಪಿನಲ್ಲಿರಲಿ.

ಕಿಟಕಿ ಕೂಡಿಸುವುದು ಎರಡು ದಿನದಲ್ಲಿ ಮುಗಿಯಿತು. ಆಗ ಎಲ್ಲವೂ ಮುಚ್ಚುತ್ತಿದ್ದವು. ಬಾಕಿ ಹಣವನ್ನು ಅಂದೇ ಸಂಜೆ ಕೊಟ್ಟೆವು. ಮೊದಲ ತಪ್ಪು ಅದೇ. ಕಿಟಕಿ ಕೂತ ಮೇಲೆ ಗಾರೆ ಕೆಲಸದ ಗೌಂಡಿ ಬಂದು ಸುತ್ತ ಗಿಲಾವ್, ಅಂದರೆ ಸಿಮೆಂಟಿನ ಪ್ಲಾಸ್ಟರ್, ಮುಗಿಸುತ್ತಾನೆ, ಕೆಳಗೆ ಕಲ್ಲು ಹಾಸುತ್ತಾನೆ. ಚೌಕಟ್ಟು ಕೆಡುವುದು ಹೆಚ್ಚಾಗಿ ಆಗಲೇ. ಆದ್ದರಿಂದ ಶೇಕಡಾ 10ರಷ್ಟನ್ನಾದರೂ ಗಿಲಾವ್ ಮುಗಿದು ಎರಡು ವಾರ ಆಗುವವರೆಗೆ ಹಿಡಿದಿಟ್ಟುಕೊಳ್ಳುತ್ತೇವೆ ಎಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.

ಮಾರ್ಚ್ ಮೊದಲ ವಾರ ಅಡುಗೆಮನೆಯ ಕಿಟಕಿ ಕದದ ಹ್ಯಾಂಡಲ್ ಅರ್ಧಕ್ಕೆ ನಿಂತಿತು. ಕದವನ್ನು ಕೈಯಿಂದ ಎತ್ತಿ ಹಿಡಿದರೆ ಮಾತ್ರ ತಿರುಗುತ್ತಿತ್ತು. ಮಲಗುವ ಕೋಣೆಯ ಸರಿಯುವ ಕಿಟಕಿ ಕೆಳಗೆ ಗೋಡೆಯ ಕಡೆಗೆ ತಾಗಿ, ಮೇಲೆ ಬೆರಳು ತೂರುವಷ್ಟು ಸಂದಿ ಬಿಟ್ಟಿತು. ಪಡಸಾಲೆಯದು ಬೆಳಗ್ಗೆ ಏಳಕ್ಕೆ ಸಲೀಸಾಗಿ ಮುಚ್ಚಿ, ಮಧ್ಯಾಹ್ನ ಮೂರಕ್ಕೆ ನಡುವಿನಲ್ಲಿ ಹಿಡಿಯುತ್ತಿತ್ತು. ಮೂರು ಕಿಟಕಿ, ಮೂರು ಬಗೆಯ ತೊಂದರೆ. ಆದರೆ ನಮಗೆ ಆಗ ಎಲ್ಲವೂ ಒಂದೇ ಅನ್ನಿಸಿತು: "ಕಿಟಕಿ ಮುಚ್ಚುತ್ತಿಲ್ಲ." ಅಂಗಡಿಯವರಿಗೆ ಫೋನಿನಲ್ಲಿ ಹೇಳಿದ್ದೂ ಅಷ್ಟೇ. ಅಷ್ಟು ಹೇಳಿದರೆ ಅವರು ಕಳಿಸುವುದು ಒಂದು ಸ್ಪ್ರೇ ಡಬ್ಬಿ ಹಿಡಿದ ಹುಡುಗನನ್ನು.

ಅವನು ಬರಲೂ 17 ದಿನ ಹಿಡಿಯಿತು. ನಾಳೆ, ನಾಡಿದ್ದು, ಯುಗಾದಿಗೆ ಹುಡುಗರೆಲ್ಲ ಊರಿಗೆ ಹೋಗ್ಯಾರ, ಗಾಡಿ ಬಾಗಲಕೋಟೆ ಕಡೆ ಹೋಗೇತಿ. ಬಂದವನು ಅರ್ಧ ಗಂಟೆ ಇದ್ದ. ಹ್ಯಾಂಡಲಿನ ಎದುರಿನ ಲೋಹದ ತಟ್ಟೆಯನ್ನು ಅರದಿಂದ ತಿಕ್ಕಿದ, ಸರಿಯುವ ಕಿಟಕಿಗಳ ಅಡಿಯ ಗಾಲಿಗಳ, ಅಂದರೆ ರೋಲರಿನ, ತಿರುಪುಗಳನ್ನು ಒಂದೊಂದು ಸುತ್ತು ತಿರುಗಿಸಿದ, ಎಲ್ಲಕ್ಕೂ ಎಣ್ಣೆ ಸಿಂಪಡಿಸಿದ. "ಹೊಸಾವು ಅದಾವ್ರಿ ಸರ, ಬಳಸ್ತ ಬಳಸ್ತ ಹಗರ ಆಕ್ಕಾವು" ಅಂದ. ಆಗಲಿಲ್ಲ. ಯುಪಿವಿಸಿ ಬಳಸಿ ಹಗುರಾಗುವ ವಸ್ತುವಲ್ಲ. ಎಣ್ಣೆ ಬಿದ್ದ ಟ್ರ್ಯಾಕಿಗೆ ಒಂದೇ ವಾರದಲ್ಲಿ ಧೂಳು ಮೆತ್ತಿ ಕರಿ ಕೆಸರಾಯಿತು. ನಮ್ಮ ಕಡೆಯ ಬೇಸಿಗೆ ಗಾಳಿ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅರ ಹಾಕಿದ ತಟ್ಟೆಯಂತೂ ವಾಪಸು ಬರುವುದಿಲ್ಲ, ಹೊಸದೇ ಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಅಳತೆ ಪಟ್ಟಿ ಹೊರಗೆ ತೆಗೆಯುವ ಮೊದಲೇ ಅರ ತೆಗೆದರೆ ದಯವಿಟ್ಟು ನಿಲ್ಲಿಸಿ.

ಮಾರ್ಚ್ ಕೊನೆಗೆ ನಾವೇ ಅಳೆಯಲು ಕೂತೆವು. ಮೊದಲೇ ಮಾಡಬೇಕಿದ್ದ ಕೆಲಸ ಅದು. ಬೇಕಾದದ್ದು 5 ಮೀಟರಿನ ಉಕ್ಕಿನ ಟೇಪು, ಗೌಂಡಿಯ ಒಳಂಬಾ (ತೂಗುಗುಂಡು), ಎರಡು ಅಡಿಯ ಲೆವೆಲ್ ಪಟ್ಟಿ, ನೈಲಾನ್ ದಾರ, ಒಂದು ಸಣ್ಣ ಅಯಸ್ಕಾಂತ, ಮಾರ್ಕರ್ ಪೆನ್ನು. ಪ್ರತಿ ಕಿಟಕಿಯ ಒಳಬದಿಯಲ್ಲಿ 1ರಿಂದ 9ರವರೆಗೆ ಸಂಖ್ಯೆ ಬರೆದು, ಬೆಳಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಅಳೆದೆವು.

ಅಳೆಯುವ ಬಗೆ ಇದು. ಚೌಕಟ್ಟಿನ ಒಳ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ. ಒಳ ಎತ್ತರವನ್ನು ಎಡ, ನಡು, ಬಲ ಮೂರು ಕಡೆ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣ. ಮೂರು ಅಗಲವೂ ಒಂದೇ, ಮೂರು ಎತ್ತರವೂ ಒಂದೇ, ಕರ್ಣಗಳ ವ್ಯತ್ಯಾಸ 3 ಮಿ.ಮೀ. ಒಳಗೆ ಇದ್ದರೆ ಚೌಕಟ್ಟು ಸರಿ ಇದೆ, ದೋಷ ಕದದಲ್ಲೋ ರೋಲರಿನಲ್ಲೋ ಬೀಗದಲ್ಲೋ ಇದೆ. ಇವುಗಳಲ್ಲಿ ಒಂದು ತಪ್ಪಿದರೂ ದೋಷ ಗೋಡೆಗೂ ಚೌಕಟ್ಟಿಗೂ ನಡುವೆ ಇದೆ. ಅದನ್ನು ಬಿಟ್ಟು ರೋಲರ್ ತಿರುಗಿಸಿದರೆ ಒಂದು ಸಂದಿ ಮುಚ್ಚಿ ಇನ್ನೊಂದು ತೆರೆಯುತ್ತದೆ. ಇಲ್ಲಿನ ಕೆಲಸಗಾರರು ಸೂತದ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಸೂತ ಎಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿ.ಮೀ. "ಒಂದ ಸೂತ ಅಷ್ಟ ಐತ್ರಿ" ಅನ್ನುವ ಮಾತು ಮರದ ಕಿಟಕಿಗೆ ನಡೆಯುತ್ತಿತ್ತು, ರಂಧಾ ಹೊಡೆದು ಕೂಡಿಸುತ್ತಿದ್ದರು. ಯುಪಿವಿಸಿಯಲ್ಲಿ ತಿಕ್ಕಿ ತೆಗೆಯಲು ಏನೂ ಇಲ್ಲ. ಒಳಗೆ ಟೊಳ್ಳು, ಅದರೊಳಗೆ ತಗಡಿನ ಬಲ. ಅಲ್ಲಿ ಒಂದು ಸೂತ ದೊಡ್ಡ ಅಳತೆಯೇ.

ನಮಗೆ ಸಿಕ್ಕದ್ದು: 5 ಮತ್ತು 7 ಸರಿಯಾಗಿದ್ದವು. 1ರ ಅಗಲ, ಮಿ.ಮೀ. ಲೆಕ್ಕದಲ್ಲಿ, ಮೇಲೆ 1729, ಕೆಳಗೆ 1728, ನಡುವೆ ಬೆಳಗ್ಗೆ 1724, ಮಧ್ಯಾಹ್ನ 1721. 2ರ ಕೆಳಪಟ್ಟಿ ನಡುವಿನಲ್ಲಿ 4 ಮಿ.ಮೀ. ಮೇಲೆದ್ದಿತ್ತು. 3ರ ಕರ್ಣ 2063 ಮತ್ತು 2056, ಒಳಂಬಾ ಇಳಿಬಿಟ್ಟು ನೋಡಿದರೆ ಎರಡೂ ಬದಿ ಒಂದೇ ದಿಕ್ಕಿಗೆ 4 ಮಿ.ಮೀ. ವಾಲಿದ್ದವು. 4ರ ಚೌಕಟ್ಟು ಸರಿ, ಆ ಹುಡುಗ ತಿರುಗಿಸಿದ ರೋಲರ್ ಮಾತ್ರ ತಪ್ಪು. 6, 8, 9 ಕದದ ಕಿಟಕಿಗಳು, ಮೂರಕ್ಕೂ ಬೇರೆ ಬೇರೆ ಕಾರಣ. ಈ ಹಾಳೆ ಕೈಗೆ ಬಂದ ದಿನ ತುಂಬ ಸಮಾಧಾನವಾಯಿತು. ಅದುವರೆಗೆ ಒಂಬತ್ತೂ ಬದಲಿಸಬೇಕೇನೋ ಎಂಬ ದಿಗಿಲಿತ್ತು. ಬದಲಿಸುವಂಥದ್ದು ಒಂದೂ ಇರಲಿಲ್ಲ.

ಇಲ್ಲಿಂದ ಮುಂದೆ ಕಾಗದದ ಕೆಲಸ. ಕೊಟೇಶನ್, ಜಿಎಸ್‌ಟಿ ಬಿಲ್ಲು, ವಾರಂಟಿ ಚೀಟಿ ಮೂರನ್ನೂ ಮುಂದಿಟ್ಟು ಓದಿದೆವು. ವಾರಂಟಿ ಒಂದೇ ಅಲ್ಲ: ಪ್ರೊಫೈಲಿನದು 10 ವರ್ಷ, ಬೀಗ ರೋಲರುಗಳದು 1 ವರ್ಷ, ಕೂಡಿಸಿದ ಕೆಲಸದ್ದು 1 ವರ್ಷ ಎಂದು ಬೇರೆ ಬೇರೆ ಸಾಲಿನಲ್ಲಿತ್ತು. ನಮ್ಮ ತೊಂದರೆ ಬಹುಪಾಲು ಮೂರನೇ ಸಾಲಿಗೆ ಸೇರಿದ್ದು. "ಪ್ರೊಫೈಲ್ ಕಂಪನಿಗೆ ಬರೀರಿ" ಎಂದು ಅಂಗಡಿಯವರು ತಳ್ಳಿದರೆ ನೀವು ತೋರಿಸಬೇಕಾದದ್ದು ಈ ಸಾಲನ್ನು. ಬಿಲ್ಲಿನಲ್ಲಿ ಗಾಜಿನ ದಪ್ಪ, ಒಳಗಿನ ತಗಡಿನ ದಪ್ಪ, ಎಷ್ಟು ಟ್ರ್ಯಾಕ್, ಬೀಗದ ಬಗೆ ಬರೆದಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಮಾತಿಗೆ ಆಧಾರ ಇರುವುದಿಲ್ಲ.

ಸಂಖ್ಯೆ, ಅಳತೆ, ಟೇಪು ಕಾಣುವಂತೆ ತೆಗೆದ ಫೋಟೊ, ಬೆಳಗ್ಗೆ ಮತ್ತು ಮಧ್ಯಾಹ್ನದ ಎರಡು ಚಿತ್ರ, ಇಷ್ಟನ್ನು ಒಂದು ಪತ್ರಕ್ಕೆ ಲಗತ್ತಿಸಿ ಏಪ್ರಿಲ್ ಮೊದಲ ವಾರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. 15 ದಿನದ ಗಡುವು ಕೊಟ್ಟೆವು. ಗಡುವು ಮೀರಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ ಎಂದು ಬರೆದಿದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಪತ್ರ ಮುಟ್ಟಿದ ನಾಲ್ಕನೇ ದಿನ ಅಂಗಡಿಯ ಹಿರಿಯ ಮಿಸ್ತ್ರಿ ಫೋನ್ ಮಾಡಿದರು. ಅವರು ಮೊದಲು ಕೇಳಿದ್ದೇ "ಆ ಅಳತಿ ಹಾಳಿ ನನಗ ವಾಟ್ಸಾಪ್ ಮಾಡ್ರಿ" ಎಂದು. ಆರು ವಾರದಲ್ಲಿ ಮೊದಲ ಸಲ ಯಾರೋ ಕಿಟಕಿಯ ಬಗ್ಗೆ ಕೇಳಿದ್ದರು.

ಅವರು ಮೂರು ದಿನ ಬಂದರು, ನಾಲ್ಕನೆಯ ದಿನ ಗೌಂಡಿ. ಚೌಕಟ್ಟು ಮೊದಲು, ಕದ ಆಮೇಲೆ, ಬೀಗ ಕೊನೆಗೆ; ಈ ಕ್ರಮ ತಪ್ಪಿಸಬೇಡಿ.

ಪಡಸಾಲೆಯ 1ನೇ ಕಿಟಕಿಯ ಕಾರಣ ಬಿಸಿಲು ಮತ್ತು ಗಿಲಾವ್ ಎರಡೂ. ಯುಪಿವಿಸಿ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಉಕ್ಕಿನ ಐದಾರು ಪಟ್ಟು. ಬೆಳಗ್ಗೆ 25 ಡಿಗ್ರಿ ಇದ್ದ ಕಂದು ಚೌಕಟ್ಟಿನ ಮೈ ಪಶ್ಚಿಮದ ಬಿಸಿಲಿಗೆ 55 ಮುಟ್ಟಿದರೆ 1.8 ಮೀಟರಿನ ಪಟ್ಟಿ 4 ಮಿ.ಮೀ. ಹತ್ತಿರ ಉದ್ದವಾಗುತ್ತದೆ. ಬಿಳಿ ಪ್ರೊಫೈಲ್ ಇಷ್ಟು ಕಾಯುವುದಿಲ್ಲ. ಹಿಗ್ಗಲು ಜಾಗ ಬೇಕೆಂದೇ ಗೋಡೆಗೂ ಚೌಕಟ್ಟಿಗೂ ನಡುವೆ ಪ್ರತಿ ಬದಿ ಕನಿಷ್ಠ 5 ಮಿ.ಮೀ., ಗಾಢ ಬಣ್ಣಕ್ಕೆ ಅದಕ್ಕಿಂತ ಹೆಚ್ಚು ಸಂದಿ ಬಿಡುತ್ತಾರೆ. ನಮ್ಮಲ್ಲಿ ಆ ಸಂದಿಯನ್ನು ಗೌಂಡಿ ಸಿಮೆಂಟಿನಿಂದ ಗಟ್ಟಿಯಾಗಿ ತುಂಬಿದ್ದ. ಹೊರಗೆ ಹೋಗಲು ದಾರಿ ಇಲ್ಲದ ಚೌಕಟ್ಟು ಒಳಕ್ಕೆ ಬಾಗುತ್ತಿತ್ತು. ಅದರ ಮೇಲೆ ಬದಿಯ ನಡುಭಾಗದಲ್ಲಿ, ಸಂದಿ ತುಂಬಲು ಸಿಂಪಡಿಸುವ ಊದುವ ನೊರೆ, ಅಂದರೆ ಫೋಮ್, ಅತಿಯಾಗಿ ಊದಿತ್ತು. ಬೆಳಗಿನ ತಂಪಿನಲ್ಲೂ ಇದ್ದ 4-5 ಮಿ.ಮೀ. ಬಾಗು ಅದರದ್ದು.

ಪರಿಹಾರ ಹೀಗೆ ನಡೆಯಿತು. ಎರಡೂ ಶಟರ್, ಅಂದರೆ ಸರಿಯುವ ಗಾಜಿನ ಕದ, ಕಳಚಿ ಇಳಿಸಿದರು. ಮೇಲಿನ ಟ್ರ್ಯಾಕಿನಲ್ಲಿ ಶಟರ್ ಏಳದಂತೆ ತಡೆಯುವ ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ, ಅದರ ತಿರುಪು ಬಿಚ್ಚಿ, ಶಟರನ್ನು ಮೇಲಕ್ಕೆತ್ತಿ ಕೆಳಬದಿಯನ್ನು ಒಳಗೆ ಎಳೆದರೆ ಬರುತ್ತದೆ. ಒಂದೊಂದು 20 ಕಿಲೋ ಹತ್ತಿರ ಇರುತ್ತದೆ, ಇಬ್ಬರಿರಬೇಕು. ಚೌಕಟ್ಟಿನ ಅಂಚಿಗೆ ಒಂದು ಇಂಚು ಅಗಲದ ಟೇಪು ಅಂಟಿಸಿ, ಸಣ್ಣ ಗ್ರೈಂಡರಿನಿಂದ ಗಿಲಾವಿನಲ್ಲಿ 6 ಮಿ.ಮೀ. ಸೀಳು ಹೊಡೆದರು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು, ಬದಿಯ ನಡುವಿನ ಒಂದೂವರೆ ಅಡಿ ಫೋಮನ್ನು ಕೊಯ್ದು ತೆಗೆದರು. ಬ್ಲೇಡು ಹೊರಗೆ ಬರುತ್ತಿದ್ದಂತೆ ಚೌಕಟ್ಟು ಟಕ್ಕನೆ ಹಿಂದೆ ಸರಿಯಿತು. ಟೇಪು ಹಿಡಿದರೆ 1727. ಮುಂದೆ ಫಾಸ್ನರುಗಳ, ಅಂದರೆ ಚೌಕಟ್ಟನ್ನು ಗೋಡೆಗೆ ಬಿಗಿಯುವ ಉದ್ದ ತಿರುಪುಗಳ, ಸರದಿ. 4 ಅಡಿಯ ಬದಿಗೆ ಮೂರಿದ್ದವು, ಆದರೆ ಒಂದರ ಹಿಂದೆಯೂ ಪ್ಯಾಕಿಂಗ್ (ಸಂದಿಗೆ ಆಧಾರವಾಗಿ ಇಡುವ ತುಂಡು) ಇರಲಿಲ್ಲ. ಹಿಂದೆ ಆಧಾರವಿಲ್ಲದೆ ಬಿಗಿದರೆ ತಿರುಪು ಚೌಕಟ್ಟನ್ನು ಗೋಡೆಗೆ ಎಳೆಯುತ್ತದೆ. ಪ್ರತಿ ಫಾಸ್ನರಿನ ಪಕ್ಕ ಪ್ಲಾಸ್ಟಿಕ್ ಪ್ಯಾಕಿಂಗ್ ಇಟ್ಟು, ಮೇಲಿಂದ ಕೆಳಗೆ ದಾರ ಕಟ್ಟಿ, ದಾರಕ್ಕೆ ಸಮ ಬರುವವರೆಗೆ ಮಾತ್ರ ಬಿಗಿದರು. ಮೂಲೆಯಿಂದ 150ರಿಂದ 200 ಮಿ.ಮೀ. ಒಳಗೆ ಮೊದಲನೆಯದು, ನಡುವಿನ ಅಂತರ 600 ಮಿ.ಮೀ. ಮೀರಬಾರದು. ಅಂದರೆ 6 ಅಡಿಯ ಪಟ್ಟಿಗೆ ನಾಲ್ಕು ಬೇಕು, ನಮಗೆ ಮೂರೇ ಹಾಕಿದ್ದರು.

ಮತ್ತೆ ಫೋಮ್ ತುಂಬುವಾಗ ಕಡಿಮೆ ಊದುವ ಬಗೆಯದನ್ನು, ಸಂದಿಯ ಅರ್ಧದಷ್ಟು ಮಾತ್ರ ಹಾಕಿ, ಚೌಕಟ್ಟಿನ ನಡುವೆ ಅಡ್ಡಲಾಗಿ ಅಳತೆಗೆ ಕೊಯ್ದ ಮರದ ಪಟ್ಟಿ ಕೊಟ್ಟು 24 ಗಂಟೆ ಬಿಟ್ಟೆವು. ಆ ಪಟ್ಟಿ ಕೊಡುವುದಕ್ಕೆ ಐದು ನಿಮಿಷ ಸಾಕು. ಫೆಬ್ರುವರಿಯಲ್ಲಿ ಅದನ್ನು ಕೊಟ್ಟಿದ್ದರೆ ಈ ಫೋಮಿನ ಬಾಗು ಬರುತ್ತಲೇ ಇರಲಿಲ್ಲ. ಹೊರಗಿನ ಸೀಳಿಗೆ ಸ್ಪಂಜಿನ ಹಗ್ಗ ತುರುಕಿ ಮೇಲೆ ನ್ಯೂಟ್ರಲ್ ಸಿಲಿಕಾನ್. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಲೋಹದ ಭಾಗಗಳಿಗೂ ಒಳ್ಳೆಯದಲ್ಲ. ಡಬ್ಬಿಯ ಮೇಲೆ ನ್ಯೂಟ್ರಲ್ ಎಂದಿದೆಯೇ ಓದಿ ಕೊಳ್ಳಿ.

2ನೆಯದು ಕಲ್ಲಿನ ಕಥೆ. ಕೆಳಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ್ದೆವು. ಕಲ್ಲಿನ ಒಳ ಅಂಚು ಚೌಕಟ್ಟಿನ ಅಡಿಗೆ ತೂರಿತ್ತು. "ಕಲ್ಲ ಬಿಗಿ ಕುಂಡರ್ಲಿ ಅಂತ ಬೆಣಿ ಹೊಡದೇನ್ರಿ" ಎಂದು ಗೌಂಡಿ ತಾನೇ ಒಪ್ಪಿಕೊಂಡ. ಬೆಣೆ ಕಲ್ಲನ್ನು ಎತ್ತಿತು, ಕಲ್ಲು ಟ್ರ್ಯಾಕನ್ನು ಎತ್ತಿತು. ಇದರ ಗುರುತು ಸುಲಭ: ಶಟರನ್ನು ಅರ್ಧಕ್ಕೆ ತಂದು ಕೈ ಬಿಟ್ಟರೆ ತಾನಾಗಿ ಬದಿಗೆ ಉರುಳುತ್ತದೆ. ಮುಚ್ಚಿದ ಮೇಲೆ ನಡುವಿನ ಬೀಗ ಕೂಡಿಬರುವುದಿಲ್ಲ, ಏಕೆಂದರೆ ಎರಡೂ ಶಟರಿನ ನಡುಬದಿ ಮೇಲೆದ್ದಿರುತ್ತದೆ. ಕಲ್ಲು ಎಬ್ಬಿಸಿ, ಅಡಿಯ ಗಿಲಾವ್ ಕೆತ್ತಿ, 5 ಮಿ.ಮೀ. ಕೆಳಗೆ ಮತ್ತೆ ಕೂಡಿಸಬೇಕಾಯಿತು. ಒಂದು ಕಲ್ಲು ಮೂಲೆಯಲ್ಲಿ ಒಡೆಯಿತು. ಚೌಕಟ್ಟಿನ ಅಡಿಗೆ ಫಾಸ್ನರುಗಳ ಬಳಿ, ಮತ್ತು ಶಟರ್ ಮುಚ್ಚಿದಾಗ ರೋಲರ್ ನಿಲ್ಲುವ ಜಾಗಗಳಲ್ಲಿ ಪ್ಯಾಕಿಂಗ್ ಕೊಟ್ಟರು. ಕಲ್ಲಿಗೂ ಚೌಕಟ್ಟಿಗೂ ನಡುವೆ ಈಗ 3 ಮಿ.ಮೀ. ಸಿಲಿಕಾನ್, ಸಿಮೆಂಟ್ ಇಲ್ಲ.

3ನೆಯದು ಕಾಟಕೋನಕ್ಕೆ, ಅಂದರೆ ಮೂಲೆಗಳು 90 ಡಿಗ್ರಿಗೆ, ಇರಲಿಲ್ಲ. ಹುಡುಗರು ಕಿಟಕಿಯ ಬದಿಯನ್ನು ಗೋಡೆಯ ಅಂಚಿಗೆ ನೋಡಿ ಕೂಡಿಸಿದ್ದರು, ಒಳಂಬಾ ಬಿಟ್ಟಿರಲಿಲ್ಲ; ಗೋಡೆಯೇ ವಾಲಿತ್ತು. ಎರಡೂ ಬದಿ ಸೀಳು ಹೊಡೆದು, ಮೇಲಿನ ಫಾಸ್ನರ್ ಬಿಚ್ಚಿ, ಮರದ ಬೆಣೆಯಿಂದ ಮೇಲ್ಭಾಗವನ್ನು 4 ಮಿ.ಮೀ. ತಳ್ಳಿ, ಕರ್ಣ 2060 ಮತ್ತು 2059 ಬಂದ ಮೇಲೆ ಬಿಗಿದರು. ಒಂದೂವರೆ ಗಂಟೆಯ ಕೆಲಸ.

4ಕ್ಕೆ ರೋಲರ್ ಮಾತ್ರ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಶಟರಿನ ಬದಿಯ ಕೆಳತುದಿಯಲ್ಲಿ ಸಣ್ಣ ಮುಚ್ಚಳ ಇರುತ್ತದೆ, ತೆಗೆದರೆ ಒಳಗೆ ತಿರುಪು. ಹೆಚ್ಚಿನವುಗಳಲ್ಲಿ ಬಲಕ್ಕೆ ತಿರುಗಿಸಿದರೆ ಆ ತುದಿ ಏಳುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ತಿರುಗಿಸುವ ಮೊದಲು ಚಪ್ಪಟೆ ಮರದ ತುಂಡಿನಿಂದ ಶಟರನ್ನು ಮೀಟಿ ಭಾರ ಇಳಿಸಿ. ಭಾರ ಇದ್ದಾಗ ತಿರುಗಿಸಿದರೆ ತಿರುಪಿನ ತಲೆ ಸವೆದುಹೋಗುತ್ತದೆ. ನಮ್ಮ ನಾಲ್ಕು ರೋಲರ್ ಹಾಗೇ ಕೆಟ್ಟಿದ್ದವು. ಮುಚ್ಚಿದಾಗ ಸಂದಿ ಮೇಲೆ ಇದ್ದರೆ ಹಿಂದಿನ ರೋಲರ್, ಅಂದರೆ ಗೋಡೆಯಿಂದ ದೂರದ್ದನ್ನು ಎತ್ತಿ. ಸಂದಿ ಕೆಳಗೆ ಇದ್ದರೆ ಮುಂದಿನದನ್ನು, ಗೋಡೆಗೆ ಹತ್ತಿರದ್ದನ್ನು ಎತ್ತಿ. ಎಷ್ಟು ಎತ್ತಬೇಕೆಂಬುದಕ್ಕೂ ಲೆಕ್ಕವಿದೆ: ರೋಲರುಗಳ ನಡುವಿನ ದೂರವನ್ನು ಶಟರಿನ ಎತ್ತರದಿಂದ ಭಾಗಿಸಿ, ಸಂದಿಯಿಂದ ಗುಣಿಸಿ. ನಮ್ಮದು 850, 1150, ಸಂದಿ 6. ಬಂದ ಉತ್ತರ 4.4 ಮಿ.ಮೀ. ಅರ್ಧ ಸುತ್ತು ತಿರುಗಿಸಿ ಒಮ್ಮೆ ಮುಚ್ಚಿ ನೋಡುತ್ತ ಹೋಗಿ. ಪೂರ್ತಿ ಬಿಗಿದರೂ ಸಂದಿ ಮುಚ್ಚದಿದ್ದರೆ ನಿಲ್ಲಿಸಿ, ಚೌಕಟ್ಟನ್ನು ಮತ್ತೆ ಅಳೆಯಿರಿ. ತೀರ ಇಳಿಸಲೂ ಬಾರದು, ಮೇಲಿನ ಟ್ರ್ಯಾಕಿನ ಹಿಡಿತ ತಪ್ಪಿ ಶಟರ್ ಕಳಚಿ ಬೀಳಬಹುದು. ಎಲ್ಲ ಮುಗಿದ ಮೇಲೆ ಆ ತಡೆಯುವ ತುಂಡನ್ನು ವಾಪಸು ಹಾಕುವುದನ್ನು ಮಾತ್ರ ಮರೆಯಬೇಡಿ. ಮಹಡಿಯ ಕಿಟಕಿಯಲ್ಲಿ ಅದು ಜೀವದ ಪ್ರಶ್ನೆ.

ಇನ್ನು ಕದದ ಕಿಟಕಿ. 6ನೆಯದು, ಅಡುಗೆಮನೆಯದು, ಹ್ಯಾಂಡಲಿನ ಕಡೆ 4 ಮಿ.ಮೀ. ಜೋತುಬಿದ್ದಿತ್ತು. ಕದದ್ದೇ ಕರ್ಣ ಅಳೆದರೆ 1325 ಮತ್ತು 1332. ಅನೇಕರು ಇಲ್ಲಿ ಹಿಂಜ್ ಬದಲಿಸಲು ಹೊರಡುತ್ತಾರೆ. ದೋಷ ಗಾಜಿನ ಅಂಚಿನಲ್ಲಿತ್ತು. ಕದದ ಪ್ಲಾಸ್ಟಿಕ್ ಚೌಕಟ್ಟು ತನ್ನಷ್ಟಕ್ಕೆ ಗಟ್ಟಿ ನಿಲ್ಲುವುದಿಲ್ಲ, ಅದನ್ನು ನೆಟ್ಟಗೆ ಹಿಡಿಯುವುದು ಒಳಗಿನ ಗಾಜು. ಹಿಂಜಿನ ಕಡೆಯ ಕೆಳಮೂಲೆಯಲ್ಲಿ ಮತ್ತು ಅದಕ್ಕೆ ಎದುರಿನ, ಹ್ಯಾಂಡಲಿನ ಕಡೆಯ ಮೇಲ್ಮೂಲೆಯಲ್ಲಿ ಪ್ಯಾಕಿಂಗ್ ಕೊಟ್ಟು ಬಿಗಿದರೆ ಗಾಜು ಓರೆಯಾಗಿ ಆನಿಕೆ ಕೊಟ್ಟಂತೆ ನಿಂತು ಕದವನ್ನು ಎತ್ತಿ ಹಿಡಿಯುತ್ತದೆ. ನಮ್ಮದರಲ್ಲಿ ಕೆಳಗೆ ಎರಡು 2 ಮಿ.ಮೀ. ತುಂಡು ಬಿಟ್ಟರೆ ಏನೂ ಇರಲಿಲ್ಲ. ಏಳು ಕಿಲೋ ಹತ್ತಿರದ ಗಾಜು ಸುಮ್ಮನೆ ಕೆಳಪಟ್ಟಿಯ ಮೇಲೆ ಕೂತಿತ್ತು.

ಬೀಡಿಂಗ್, ಅಂದರೆ ಗಾಜನ್ನು ಹಿಡಿದಿಡುವ ಅಂಚಿನ ಪಟ್ಟಿ, ತೆಗೆಯುವುದು ಒಳಗಿನಿಂದ. ಪುಟ್ಟಿ ಹಚ್ಚುವ ತೆಳು ಪಟ್ಟಿಯನ್ನು ಉದ್ದದ ಬೀಡಿಂಗಿನ ನಡುಭಾಗದಲ್ಲಿ ತೂರಿಸಿ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ಬಡಿದರೆ ನಡು ಬಿಲ್ಲಿನಂತೆ ಬಾಗಿ ಎದ್ದು ಬರುತ್ತದೆ. ಯಾವ ಬದಿಯದು ಎಂದು ಹಿಂದೆ ಗುರುತು ಹಾಕಿ. ವಾಪಸು ಹಾಕುವಾಗ ಗಿಡ್ಡವು ಮೊದಲು, ಉದ್ದವು ಕೊನೆಗೆ. ಟಫನ್ಡ್ ಗಾಜಿನ ಅಂಚಿಗೆ ಲೋಹ ಬಡಿದರೆ ಇಡೀ ಗಾಜು ಕಾಳುಕಾಳಾಗಿ ಉದುರಬಹುದು, ಆದ್ದರಿಂದ ಗಾಜನ್ನು ಮೀಟಲು ಪ್ಲಾಸ್ಟಿಕ್ ಪಟ್ಟಿಯೇ ಬೇಕು, ಕೈಗವಸು ಕನ್ನಡಕ ಬೇಕು. ಹಿಂಜಿನ ಕೆಳಮೂಲೆಯಲ್ಲಿ ಮೂಲೆಯಿಂದ ಸುಮಾರು 80 ಮಿ.ಮೀ. ದೂರಕ್ಕೆ, ಕೆಳಗೊಂದು ಬದಿಗೊಂದು 5 ಮಿ.ಮೀ. ತುಂಡು ಇಟ್ಟರು. ಆಮೇಲೆ ಗಾಜನ್ನು ಮೀಟಿ ಹ್ಯಾಂಡಲಿನ ಮೇಲ್ಮೂಲೆಯಲ್ಲಿ ಮೊದಲು 4, ಅದರ ಜೊತೆ 1, ಮತ್ತೊಂದು 1 ಸೇರಿಸಿದರು. ಎರಡು ಕರ್ಣ ಸಮಕ್ಕೆ ಬಂದ ಮೇಲೆಯೂ ಹ್ಯಾಂಡಲಿನ ಬದಿಯನ್ನು ಒಂದು ಮಿ.ಮೀ. ಹೆಚ್ಚು ಎತ್ತಿ ಬಿಟ್ಟರು, ಭಾರಕ್ಕೆ ಅಷ್ಟು ಇಳಿಯುತ್ತದೆ. ಪ್ಯಾಕಿಂಗ್ ಕೆಳಗಿನ ನೀರಿನ ತೂತಿನ ಮೇಲೆ ಕೂರದಂತೆ ನೋಡಿಕೊಳ್ಳಬೇಕು. ಬೀಡಿಂಗ್ ಹಾಕಿ ಹ್ಯಾಂಡಲ್ ತಿರುಗಿಸಿದೆ. ಎರಡು ಬೆರಳಿಗೇ ತಿರುಗಿತು.

9ರ ಹಿಂಜು, ಕದದ ಮೇಲೆ ಕೆಳಗೆ ಇರುವ ಫ್ರಿಕ್ಷನ್ ಸ್ಟೇ ಪಟ್ಟಿ, ಅಲ್ಲಾಡುತ್ತಿತ್ತು. ಪ್ರೊಫೈಲಿನ ಮೇಲೆ ಅಯಸ್ಕಾಂತ ಎಳೆದರೆ ಮೇಲ್ಮೂಲೆಯಿಂದ 20 ಸೆಂ.ಮೀ. ತನಕ ಹಿಡಿಯಲಿಲ್ಲ, ಆಮೇಲೆ ಹಿಡಿಯಿತು. ಒಳಗಿನ ತಗಡನ್ನು ಗಿಡ್ಡ ಕೊಯ್ದಿದ್ದರು. ತಿರುಪು ಬರೀ ಪ್ಲಾಸ್ಟಿಕ್ಕಿಗೆ ಕಚ್ಚಿತ್ತು. ಉದ್ದದ ಸ್ಟೇ ಹಾಕಿ ತಗಡು ಇರುವ ಜಾಗಕ್ಕೆ ತಿರುಪು ಹೋಗುವಂತೆ ಮಾಡಿದರು. ಕಿಟಕಿ ಕೊಳ್ಳುವ ದಿನವೇ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಮೂಲೆಯಿಂದ ಮೂಲೆಗೆ ಎಳೆದು ನೋಡಿ.

8ರ ಕದ ಸರಿ, ಬೀಗ ಮಾತ್ರ ಕೂಡುತ್ತಿರಲಿಲ್ಲ. ಕದದ ಅಂಚಿನಲ್ಲಿ ಅಣಬೆಯಂಥ ಗುಬ್ಬಿಗಳು ಇರುತ್ತವೆ, ಹ್ಯಾಂಡಲ್ ತಿರುಗಿಸಿದಾಗ ಅವು ಸರಿದು ಎದುರಿನ ತಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಗುಬ್ಬಿಗೆ ನೀಲಿ ಬಣ್ಣದ ಖಡು (ಸೀಮೆಸುಣ್ಣ) ಒದ್ದೆ ಮಾಡಿ ಹಚ್ಚಿ, ಕದ ಮುಚ್ಚಿ, ಹ್ಯಾಂಡಲನ್ನು ಬಲ ಹಾಕದೆ ತಿರುಗಿಸಿದೆವು. ತಟ್ಟೆಯ ಬಾಯಿಯ ಕೆಳತುಟಿಯ ಮೇಲೆ ನೀಲಿ ಚುಕ್ಕೆ. ತಟ್ಟೆಯ ಎರಡು ತಿರುಪು ಸಡಿಲಿಸಿ 2 ಮಿ.ಮೀ. ಕೆಳಗೆ ಇಳಿಸಿದ್ದೇ ಸಾಕಾಯಿತು. ಬಿಗಿತ ಹೆಚ್ಚು ಕಡಿಮೆ ಮಾಡಲು ಗುಬ್ಬಿಯನ್ನೇ ಅಲನ್ ಕೀಯಿಂದ (ಆರು ಮೂಲೆಯ ಕೀ, ನಮ್ಮದಕ್ಕೆ 4 ಮಿ.ಮೀ.) ತಿರುಗಿಸಬಹುದು, ಅದರ ತಲೆಯ ಚುಕ್ಕೆ ರಬ್ಬರಿನ ಕಡೆ ಬಂದಷ್ಟೂ ಬಿಗಿ. ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ನಾಲ್ಕೂ ಬದಿ ಒಂದೇ ಬಿಗಿಯಲ್ಲಿ ಬರಬೇಕು, ಹರಿಯಬಾರದು.

ಕೂಲಿಯನ್ನು ಅಂಗಡಿಯವರೇ ವಾರಂಟಿಯಲ್ಲಿ ಹೊತ್ತರು, ಅರ ಹಾಕಿದ ತಟ್ಟೆಯನ್ನೂ ಬದಲಿಸಿಕೊಟ್ಟರು. ನಮಗೆ ಬಿದ್ದದ್ದು: ಗೌಂಡಿ ಮತ್ತು ಆಳಿಗೆ ಒಂದು ದಿನಕ್ಕೆ 1,600, ಸಿಲಿಕಾನ್ 5 ಡಬ್ಬಿ 1,400, ಪ್ಯಾಕಿಂಗ್ ಮತ್ತು ಸ್ಪಂಜಿನ ಹಗ್ಗ 650, ರೋಲರ್ ನಾಲ್ಕಕ್ಕೆ 640, ಸ್ಟೇ ಒಂದು ಜೊತೆ 520. ಒಟ್ಟು 4,810 ರೂಪಾಯಿ. ಒಡೆದ ಗ್ರಾನೈಟ್ ಬೇರೆ. ತಿರುಪಿನ ತಲೆ ಸವೆದದ್ದು ನಮ್ಮ ಕೈಯಿಂದ ಎಂದು ಅವರು ವಾದಿಸಿದರು, ಫೋಟೊ ಇರಲಿಲ್ಲವಾದ್ದರಿಂದ ರೋಲರಿನ ಹಣ ನಮ್ಮ ಮೇಲೆಯೇ ಬಿತ್ತು. ಯಾರು ಬಂದು ಏನು ತಿರುಗಿಸಿದರೂ ಮೊದಲು ಒಂದು, ಆಮೇಲೆ ಒಂದು ಫೋಟೊ ತೆಗೆದಿಡಿ.

ಎಲ್ಲ ಮುಗಿಯಿತು ಎಂದು ಸಹಿ ಹಾಕಿದ್ದು ಬೆಳಗಿನ ತಂಪಿನಲ್ಲಲ್ಲ, ಮಧ್ಯಾಹ್ನ ಮೂರಕ್ಕೆ. ಅಂದು ಹೊರಗೆ 40 ದಾಟಿತ್ತು. ಮಿಸ್ತ್ರಿ ಮುಂದೆಯೇ ಒಂಬತ್ತನ್ನೂ ತೆರೆದು ಮುಚ್ಚಿದೆವು, 1ರ ನಡು ಅಗಲ 1727 ಇತ್ತು. ಇನ್ನೊಂದು ಮಾತನ್ನು ಅವರೇ ಎತ್ತಿದರು: ಪ್ರೊಫೈಲಿನ ಮೇಲಿನ ರಕ್ಷಣೆಯ ಹಾಳೆ ಇನ್ನೂ ಉಳಿದಿದ್ದರೆ ಕಿತ್ತುಬಿಡಿ, ಬಿಸಿಲಿಗೆ ಬೆಂದು ಅಂಟಿಕೊಂಡರೆ ಆಮೇಲೆ ಬರುವುದಿಲ್ಲ ಎಂದು. ಎರಡರಲ್ಲಿ ಆಗಲೇ ಅಂಟಿತ್ತು, ಒಂದು ಮಧ್ಯಾಹ್ನವೆಲ್ಲ ಕಿತ್ತೆವು.

ಜೂನಿನ ಮೊದಲ ಮಳೆಗೆ ಮುಂಚೆ ಪ್ರತಿ ಟ್ರ್ಯಾಕಿಗೆ ಒಂದು ತಂಬಿಗೆ ನೀರು ಹಾಕಿ ನೋಡಿದೆವು. ಹೊರಬದಿಯ ಸಣ್ಣ ತೂತುಗಳಿಂದ ನೀರು ಸುರಿದು ಹೋಗಬೇಕು. 3 ಮತ್ತು 5ರಲ್ಲಿ ನಿಂತಿತು. ಗಿಲಾವಿನ ಹಾಲು ಹರಿದು ತೂತು ಕಟ್ಟಿತ್ತು, ಸೈಕಲ್ ಕಡ್ಡಿಯಿಂದ ಚುಚ್ಚಿ ತೆಗೆದೆವು. ಮಳೆ ಬಂದ ರಾತ್ರಿ ಒಳಗೆ ಒಂದು ಹನಿ ಇಳಿಯಲಿಲ್ಲ. ಉಳಿದಿರುವುದು 4ರ ಶಟರಿನ ಧೂಳಿನ ಬ್ರಷ್ ಒಂದೇ. ಮೂಲೆಯಲ್ಲಿ ಮುದುಡಿಕೊಂಡು ಕೊನೆಯ ಅರ್ಧ ಇಂಚಿನಲ್ಲಿ ತಡೆಯುತ್ತದೆ. ಎರಡು ಮೀಟರ್ ಹೊಸ ಬ್ರಷ್ ತರಿಸಿ ಇಟ್ಟಿದೆ, ಈ ಭಾನುವಾರ ಹಾಕುವುದು.